ವಂದನಾರ್ಪಣೆ

ಲ್ಯಾಪ್‌ಟಾಪಿನೊಳಗೆ ಯಾರೋ ಮಾತಾಡುತ್ತಲೇ ಇದ್ದರು. ಚನ್ನಬಸಪ್ಪ ಮ್ಯೂಟ್ ಮಾಡಿ, ಕ್ಯಾಮೆರಾ ಆರಿಸಿ, ಅಡುಗೆಮನೆಯ ಕಿಟಕಿಗೆ ಬಂದು ನಿಂತಿದ್ದ. ಪಕ್ಕದ ಮನೆಯ ಮಿಸೆಸ್ ಕ್ಯಾಪ್ಲನ್ ತಮ್ಮ ಕಸದ ಡಬ್ಬಿಯನ್ನು ಗೇಟಿನ ಕಡೆಗೆ ಎಳೆದುಕೊಂಡು ಹೋಗುತ್ತಿದ್ದರು. ಎಂಬತ್ತು ದಾಟಿದ ಹೆಂಗಸು. ಸ್ವಲ್ಪ ಎಳೆಯುವುದು, ನಿಲ್ಲುವುದು, ಡಬ್ಬಿಯನ್ನು ಬೈಯುವುದು, ಮತ್ತೆ ಎಳೆಯುವುದು. ಹೋಗಿ ಎಳೆದುಕೊಡಬಹುದಿತ್ತು. ಆದರೆ ಹೋದರೆ ಮಾತಾಡಬೇಕು, ಮಾತಾಡಿದರೆ ಆ ವಿಷಯ ಎತ್ತಬೇಕು, ಎತ್ತಿದರೆ ಅವರು ಆಗೋದಿಲ್ಲ ಎಂದುಬಿಡಬಹುದು, ಆಮೇಲೆ ತಿಮ್ಮಯ್ಯನವರಿಗೆ ಮುಖ ತೋರಿಸುವುದು ಹೇಗೆ ಎಂದು ಯೋಚಿಸುತ್ತ ಅವನು ನಿಂತಲ್ಲೇ ನಿಂತ. ಯೋಚನೆ ಮುಗಿಯುವ ಹೊತ್ತಿಗೆ ಡಬ್ಬಿ ಗೇಟು ಮುಟ್ಟಿತ್ತು. ಸಹಾಯ ಮಾಡುವ ಅವಕಾಶ ತಪ್ಪಿತಲ್ಲ ಎಂದು ಅವನಿಗೆ ನಿಜವಾಗಿಯೂ ಬೇಸರವಾಯಿತು. ಐರ್ಲೆಂಡಿನ ಲಿಮೆರಿಕ್ಕಿಗೆ ಬಂದ ಮೇಲೆ ಅವನ ಬೇಸರಗಳೆಲ್ಲ ಹೀಗೇ, ಎಲ್ಲ ಮುಗಿದ ಮೇಲೆ ನಿಧಾನವಾಗಿ, ಮದುವೆ ಊಟಕ್ಕೆ ಬರುವ ದೊಡ್ಡ ಮನುಷ್ಯರ ಹಾಗೆ ಬರುತ್ತಿದ್ದವು.

ಸಿಕ್ಕಿಹಾಕಿಕೊಂಡದ್ದು ಅವನದೇ ಬಾಯಿಂದ. ಕನ್ನಡ ಬಳಗದ ಅಧ್ಯಕ್ಷ ತಿಮ್ಮಯ್ಯ ಡಬ್ಲಿನ್ನಿನಲ್ಲಿ ಕೂತು ಲಾಕ್‌ಡೌನಿನ ಇಡೀ ಚಳಿಗಾಲವನ್ನು ಕಾರ್ಯಕ್ರಮಗಳಿಂದ ತುಂಬಿಸಿದ್ದರು. ಈಗಿನದರ ಹೆಸರು 'ಭರವಸೆಯ ಬುಗ್ಗೆ'. ವಾರಕ್ಕೊಂದು ಧರ್ಮದವರನ್ನು ಝೂಮಿಗೆ ಕರೆಸಿ, ಸಂಕಷ್ಟದ ಕಾಲದಲ್ಲಿ ನಂಬಿಕೆ, ಭರವಸೆ, ಸ್ಥೈರ್ಯ ಎಂಬ ವಿಷಯದ ಮೇಲೆ ಮಾತಾಡಿಸುವುದು. ಪಾದ್ರಿ ಆಗಿತ್ತು, ಮೌಲ್ವಿ ಆಗಿತ್ತು, ದಾವಣಗೆರೆಯ ಕಡೆಯ ಒಬ್ಬ ಸ್ವಾಮಿಗಳು ಬಂದು ಅಂತರಂಗದ ಆಮ್ಲಜನಕದ ಬಗ್ಗೆ ಹೇಳಿ ಹೋಗಿದ್ದರು. "ಒಬ್ಬರು ಯಹೂದಿ ಸಿಕ್ಕಿಬಿಟ್ರೆ ಸೆಟ್ ಕಂಪ್ಲೀಟ್ ಆಗುತ್ತೆ ನೋಡಿ" ಎಂದು ತಿಮ್ಮಯ್ಯ ಸ್ಟೀಲು ಡಬ್ಬಿಗಳ ಬಗ್ಗೆ ಹೇಳುವಂತೆ ಹೇಳಿದ್ದೇ ತಡ, "ನಮ್ಮ ಪಕ್ಕದ ಮನೆಯವರೇ ಸಾರ್, ಭಾಳ ಆತ್ಮೀಯರು" ಎಂದು ಚನ್ನಬಸಪ್ಪ ಹೇಳಿಬಿಟ್ಟಿದ್ದ. ಹೇಳುವಾಗ ಸುಳ್ಳು ಅನ್ನಿಸಿರಲಿಲ್ಲ. ಸಭೆಯಲ್ಲಿದ್ದವರ ಮುಖಗಳು ಒಮ್ಮೆಗೇ ತನ್ನ ಕಡೆ ತಿರುಗಿದಂತಾದಾಗ, ಝೂಮಿನಲ್ಲಿ ಯಾರ ಮುಖವೂ ಯಾರ ಕಡೆಗೂ ತಿರುಗುವುದಿಲ್ಲ ಎಂಬುದು ಅವನಿಗೆ ಮರೆತೇಹೋಗಿತ್ತು.

ಆತ್ಮೀಯತೆ ಎಂದರೆ ಇಷ್ಟು: ಹೋದ ವರ್ಷ ಮೊದಲ ಲಾಕ್‌ಡೌನಿನಲ್ಲಿ ಬೀದಿಯ ವಾಟ್ಸಾಪ್ ಗುಂಪಿನವರು ಒಬ್ಬೊಬ್ಬ ಮುದುಕರನ್ನು ಒಬ್ಬೊಬ್ಬರಿಗೆ ಹಂಚಿದ್ದರು. ಇವನ ಪಾಲಿಗೆ ಮಿಸೆಸ್ ಕ್ಯಾಪ್ಲನ್ ಬಂದರು. ಅವರ ಆಲೂಗಡ್ಡೆ, ಹಾಲು, ಬಿಳಿ ಮೇಣದಬತ್ತಿಗಳನ್ನು ತಂದು ಬಾಗಿಲ ಬಳಿ ಇಟ್ಟು, ಬೆಲ್ ಒತ್ತಿ, ರಸ್ತೆಯ ನಡುವಿನವರೆಗೆ ಓಡಿಬಿಡುತ್ತಿದ್ದ. ಒಂದು ದಿನ ಅವರು ಬಾಗಿಲು ತೆರೆದು, "ನೀನು ಕೊಡೋಕೆ ಬಂದಿದ್ದೋ, ಕದ್ದುಕೊಂಡು ಹೋಗೋಕೆ ಬಂದಿದ್ದೋ?" ಎಂದು ಇಂಗ್ಲಿಷಿನಲ್ಲಿ ಕೂಗಿ ಕೇಳಿದ್ದರು. ಎದುರು ಮನೆಯವರು ನಕ್ಕಿದ್ದರು. ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುವ ಹೆಂಡತಿ ಶಕುಂತಲಾ ಅದೇ ದಿನಗಳಲ್ಲಿ ಸಾಯುತ್ತಿದ್ದವರ ಬಾಯಿ ಒರೆಸಿ ಮನೆಗೆ ಬರುತ್ತಿದ್ದಳು. ಅವಳ ಮುಂದೆ ಅವನು ಈ ಓಟದ ವಿಷಯವನ್ನು ಎತ್ತಲಿಲ್ಲ. ಎತ್ತದಿದ್ದರೂ ಅವಳಿಗೆ ಗೊತ್ತಿತ್ತು. ಮಗಳು ನಿಸರ್ಗಾ ಕಿಟಕಿಯಲ್ಲಿ ನಿಂತು ನೋಡಿದ್ದಳು.

ಜೇಬಿನಲ್ಲಿ ಫೋನು ನಡುಗಿತು. ಮನೆಯವರ ಗುಂಪು. ರಾಣೆಬೆನ್ನೂರಿನಿಂದ ಭಾವ ಈಶ್ವರಪ್ಪ: ಅಕ್ಕನ ಜ್ವರ ಇಳಿದಿಲ್ಲ, ಆಸ್ಪತ್ರೆಯಲ್ಲಿ ಮಂಚ ಸಿಕ್ಕಿಲ್ಲ, ವರಾಂಡದಲ್ಲಿದ್ದಾಳೆ. ಅವನು ಓದಿ, ಕೈಮುಗಿದ ಚಿತ್ರ ಕಳಿಸಿದ. ಬೆಂಗಳೂರಿನಲ್ಲಿದ್ದ ಹಳೆಯ ಸಹಪಾಠಿಗಳಿಬ್ಬರಿಗೆ ಹಿಂದಿನ ದಿನವೇ ಮಂಚಕ್ಕಾಗಿ ಬರೆದಿದ್ದ, ಇಬ್ಬರೂ 'ನೋಡ್ತೀವಿ ಮಗಾ' ಎಂದಿದ್ದರು, ಅಷ್ಟು ದೂರದಿಂದ ಮನುಷ್ಯನೊಬ್ಬ ಇನ್ನೇನು ಮಾಡಲು ಸಾಧ್ಯ. ಅಕ್ಕನಿಗೆ ಈ ಊರು ನೋಡುವ ಆಸೆಯಿತ್ತು. "ನಿಮ್ಮೂರಾಗ ಬಿಸಲ ಬೀಳೂದಿಲ್ಲಂತ, ಖರೇ ಏನೋ? ಹಂಗಾರ ಹಪ್ಪಳ ಎಲ್ಲಿ ಒಣಗಸ್ತೀರಿ?" ಎಂದು ಪ್ರತಿ ಸಲ ಫೋನಿನಲ್ಲಿ ಕೇಳುತ್ತಿದ್ದಳು. ಮನೆ ಚಿಕ್ಕದು, ಚಳಿ ತಡೆಯೋದಿಲ್ಲ, ಮುಂದಿನ ಬೇಸಿಗೆಗೆ ನೋಡೋಣ ಎಂದು ಅವನು ದೂಡುತ್ತ ಬಂದಿದ್ದ. ಅವಳು ಬಂದರೆ ಎದುರು ಮನೆಯವರ ಮುಂದೆ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾಳೆ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕನ್ನಡದಲ್ಲಿ ಮಾತಾಡಿಸುತ್ತಾಳೆ. ವಿಮಾನಗಳು ನಿಂತವು ಎಂಬ ಸುದ್ದಿ ಬಂದ ದಿನ ಇಡೀ ಜಗತ್ತು ಹೆದರಿದ್ದಾಗ ಅವನ ಎದೆಯ ಒಂದು ಮೂಲೆ ಹಗುರಾಗಿತ್ತು. ಆ ಮೂಲೆಯನ್ನು ಅವನು ಆಮೇಲೆ ತೆರೆದು ನೋಡಿರಲಿಲ್ಲ.

ಸಂಜೆ ಅವನು ಧೈರ್ಯ ಮಾಡಿ ಎರಡೂ ಮನೆಗಳ ನಡುವಿನ ಗಿಡ್ಡ ಗೋಡೆಯ ಹತ್ತಿರ ಹೋದ. ಮಿಸೆಸ್ ಕ್ಯಾಪ್ಲನ್ ಕುರ್ಚಿ ಹಾಕಿಕೊಂಡು ಬಿಸಿಲಿನ ಹೆಸರಿನಲ್ಲಿ ಬಂದಿದ್ದ ಬೆಳಕಿಗೆ ಮುಖವೊಡ್ಡಿ ಕೂತಿದ್ದರು. ಸನ್ಯಾಸಿನಿಯರ ಶಾಲೆಯೊಂದರಲ್ಲಿ ಬಹಳ ವರ್ಷ ಗಣಿತ ಹೇಳಿಕೊಟ್ಟವರು. ಎದುರಿಗಿರುವವರು ಉತ್ತರ ತಪ್ಪು ಹೇಳುತ್ತಾರೆಂದು ಮೊದಲೇ ಗೊತ್ತಿದ್ದು, ಆದರೂ ಕೊನೆಯವರೆಗೆ ಕೇಳಿಸಿಕೊಳ್ಳುವ ಮುಖ. ಅವನು ಕಾರ್ಯಕ್ರಮದ ಬಗ್ಗೆ ವಿವರಿಸಿದ. ವಿವರಿಸುತ್ತ ತಾನೇ ತಯಾರಿಸಿಕೊಂಡಿದ್ದ ವಾಕ್ಯಕ್ಕೆ ಬಂದ: ನಿಮ್ಮ ಜನ ಇತಿಹಾಸದಲ್ಲಿ ಎಷ್ಟೊಂದು ಕಷ್ಟ ನೋಡಿದ್ದೀರಿ, ನಿಮ್ಮಿಂದ ನಾವು ಸ್ಥೈರ್ಯ ಕಲಿಯಬೇಕು.

"ನಾನು ನೋಡಿದ ಕಷ್ಟ ಅಂದರೆ ಆಲ್ಜೀಬ್ರಾ ಬಾರದ ಹುಡುಗಿಯರು" ಎಂದರು ಅವರು. "ನಮ್ಮಜ್ಜ ನೋಡಿದ್ದರು, ಇದೇ ಊರಲ್ಲಿ. ಒಬ್ಬ ಪಾದ್ರಿ ಪ್ರವಚನದಲ್ಲಿ ಯಹೂದಿಗಳನ್ನು ಬೈದ ಅಂತ ಜನ ಅವರ ಹತ್ತಿರ ಬಟ್ಟೆ ಕೊಳ್ಳೋದನ್ನೇ ನಿಲ್ಲಿಸಿಬಿಟ್ಟರು. ಅಜ್ಜ ಏನು ಮಾಡಿದರು ಗೊತ್ತಾ?"

ಚನ್ನಬಸಪ್ಪ ಗೋಡೆಯ ಮೇಲೆ ಬಾಗಿದ. ಇದು ಬೇಕಾಗಿತ್ತು. "ಏನು ಮಾಡಿದರು?"

"ಈ ಊರು ಬಿಟ್ಟು ಕಾರ್ಕಿಗೆ ರೈಲು ಹತ್ತಿದರು. ಅದೇ ಅವರ ಸ್ಥೈರ್ಯ." ಅವರು ಕಣ್ಣು ಮುಚ್ಚಿಕೊಂಡರು. "ಎಷ್ಟು ಹೊತ್ತು ಮಾತಾಡಬೇಕು?"

"ಇಪ್ಪತ್ತು ನಿಮಿಷ. ಶನಿವಾರ ಮಧ್ಯಾಹ್ನ."

"ಶನಿವಾರ ನಮಗೆ ವಿಶ್ರಾಂತಿಯ ದಿನ, ನಾನು ಕಂಪ್ಯೂಟರ್ ಮುಟ್ಟೋದಿಲ್ಲ. ಯಹೂದಿ ಬೇಕು ಅಂತ ಹುಡುಕಿಕೊಂಡು ಬಂದು ಶನಿವಾರ ಕರೀತೀರಲ್ಲ, ಗ್ರ್ಯಾಂಡ್." ಒಂದು ಕಣ್ಣು ತೆರೆದು ಅವನನ್ನು ನೋಡಿದರು. "ಭಾನುವಾರ ಆದರೆ ಬರ್ತೀನಿ. ವರ್ಷವೆಲ್ಲ ನನ್ನ ಆಲೂಗಡ್ಡೆ ಹೊತ್ತಿದ್ದೀಯ. ಓಡಿಹೋಗಿದ್ದರೂ ಹೊತ್ತಿದ್ದಂತೂ ನಿಜ. ಆದರೆ ನನಗೆ ತೋಚಿದ್ದು ಹೇಳ್ತೀನಿ."

ತಿಮ್ಮಯ್ಯನವರಿಗೆ ಫೋನು ಮಾಡಿದಾಗ ಅವರು ಮೊದಲು ಗೊಣಗಿದರು. "ಒಂದಿನ ಅಡ್ಜಸ್ಟ್ ಮಾಡ್ಕೊಳ್ಳಕ್ಕಾಗಲ್ವಂತಾ? ಶನಿವಾರದ್ದು ಪೋಸ್ಟರ್ ಬೇರೆ ಮಾಡ್ಸಿದ್ದೀನಿ." ಆಮೇಲೆ ಅವರಿಗೇ ಹೊಳೆಯಿತು. "ಪರವಾಗಿಲ್ಲ ಬಿಡಿ, ಅಷ್ಟು ಕಟ್ಟುನಿಟ್ಟು ಅಂದ್ರೆ ಒರಿಜಿನಲ್ಲೇ. ವಂದನಾರ್ಪಣೆ ನೀವೇ ಮಾಡ್ಬೇಕು ಸಾರ್, ನಿಮ್ಮ ಕನ್ನಡ ಚೆನ್ನಾಗೈತೆ."

ಭಾನುವಾರ ಬೆಳಿಗ್ಗೆಯಿಂದ ಅವನು ವಂದನಾರ್ಪಣೆಯನ್ನು ತಿದ್ದುತ್ತಿದ್ದ. 'ಭರವಸೆಯೆಂಬ ಸಸಿಗೆ ನಿಮ್ಮ ಮಾತುಗಳು ನೀರೆರೆದಿವೆ' ಎಂಬುದನ್ನು ಹೊಡೆದು 'ಒಣಗಿದ ನಮ್ಮ ಮನಗಳ ಮೇಲೆ ತುಂತುರಾಗಿ ಸುರಿದಿವೆ' ಎಂದು ಮಾಡಿದ. ತುಂತುರು ಸುರಿಯುವುದಿಲ್ಲ ಅನ್ನಿಸಿ ಮತ್ತೆ ಹೊಡೆದ. ಆಗ ಅಕ್ಕನ ಧ್ವನಿಸಂದೇಶ ಬಂತು. ಗುಂಪಿಗಲ್ಲ, ಅವನೊಬ್ಬನಿಗೆ. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದ. ಮೊದಲು ಬರೀ ಉಸಿರು, ಹಿಂದೆ ಯಾರೋ ಕೂಗಾಡುವ ಸದ್ದು, ಆಮೇಲೆ ಅಕ್ಕ. "ಚನ್ನ್ಯಾ... ಉಸರಾಡಾಕ ಆಗವಲ್ದೋ... ಸಾಯಾಕ ನನಗ ಮನಸ್ಸಿಲ್ಲೋ ಚನ್ನ್ಯಾ... ಯಾರಿಗರ ಹೇಳೋ... ನಿನಗ ದೊಡ್ಡ ದೊಡ್ಡ ಮಂದಿ ಗೊತ್ತದಾರಲ್ಲ..." ಇನ್ನೂ ಇತ್ತು. ಅವನು ಅಲ್ಲಿಗೇ ನಿಲ್ಲಿಸಿದ. ಅಕ್ಕ ಹೀಗೆ ಮಾತಾಡಿದ್ದನ್ನು ಅವನು ಕೇಳಿರಲೇ ಇಲ್ಲ. ಗಂಡನನ್ನು, ಸೊಸೆಯಂದಿರನ್ನು, ಊರಿನ ಕೌನ್ಸಿಲರನ್ನು ಒಂದೇ ಉಸಿರಿನಲ್ಲಿ ಬೈಯುತ್ತಿದ್ದವಳು ಹೀಗೆ ಗೋಗರೆಯುವುದು ಅವನಿಗೆ ಮೊದಲು ನಾಚಿಕೆ ತಂದಿತು. ಯಾರೋ ಬಟ್ಟೆ ಬದಲಿಸುವಾಗ ಬಾಗಿಲು ತೆರೆದುಬಿಟ್ಟಂತೆ. ಏನಾದರೂ ಹೇಳಬೇಕು, ಅದೂ ಬೇಗ. ಬೆರಳುಗಳು ತಾವೇ ಬರೆದವು: 'ಧೈರ್ಯವಾಗಿರು ಅಕ್ಕ. ಪಾಸಿಟಿವ್ ಆಗಿ ಯೋಚನೆ ಮಾಡು. ಎಲ್ಲ ಒಳ್ಳೇದಾಗುತ್ತೆ.' ಕೊನೆಗೆ ಮುಗಿದ ಕೈಗಳು, ಒಂದು ಹೂವು. ನೀಲಿ ಗುರುತು ತಕ್ಷಣ ಬಿತ್ತು. ಅವಳು ನೋಡಿದಳು. ಉತ್ತರ ಬರಲಿಲ್ಲ. ಅವನು ಸಹಪಾಠಿಗಳಿಗೆ ಮತ್ತೊಮ್ಮೆ ಬರೆದು, ಕನ್ನಡಿಯಲ್ಲಿ ಮುಖ ನೋಡಿಕೊಂಡು, ಕಾಲರು ಇರುವ ಅಂಗಿ ಹಾಕಿಕೊಳ್ಳಲು ಹೋದ.

ಕಾರ್ಯಕ್ರಮ ಸುರುವಾದಾಗ ಪರದೆಯ ತುಂಬ ಚೌಕಗಳು. ಡಬ್ಲಿನ್ನಿನವರು, ಕಾರ್ಕಿನವರು, ಸ್ಲೈಗೋದಲ್ಲಿ ಓದುತ್ತಿದ್ದ ಹುಡುಗರು. ಮಿಸೆಸ್ ಕ್ಯಾಪ್ಲನ್ ಪಕ್ಕದ ಮನೆಯಿಂದಲೇ, ಹಣೆ ಮತ್ತು ಹಿಂದಿನ ಪರದೆ ಮಾತ್ರ ಕಾಣುವಂತೆ ಕೂತಿದ್ದರು. ಅವನ ಮನೆಯ ಗೋಡೆಯಾಚೆಯಿಂದ ಅವರ ಕೆಮ್ಮು ನೇರವಾಗಿ ಕೇಳಿ, ಅರೆಕ್ಷಣದ ಮೇಲೆ ಲ್ಯಾಪ್‌ಟಾಪಿನಿಂದಲೂ ಕೇಳುತ್ತಿತ್ತು. ತಿಮ್ಮಯ್ಯ ಇಂಗ್ಲಿಷಿನಲ್ಲಿ ಪರಿಚಯಿಸಿದರು: ಇತಿಹಾಸದ ಘೋರ ನರಕದಿಂದ ಎದ್ದು ಬಂದ ಮಹಾತಾಯಿ.

"ನಾನು ಎದ್ದು ಬಂದದ್ದು ಕಾರ್ಕಿನಿಂದ" ಎಂದು ಅವರು ಸುರು ಮಾಡಿದರು. "ಯಾರೋ ಪಟ್ಟ ಪಾಡನ್ನು ನನ್ನ ಹೆಸರಿಗೆ ಬರೆಯಬೇಡಿ, ಪಟ್ಟವರಿಗೆ ಅನ್ಯಾಯ. ನಿಮ್ಮ ತಲೆಬರಹದಲ್ಲಿ ಮೊದಲ ಪದ ನಂಬಿಕೆ. ನಂಬಿಕೆ ನನಗಿಲ್ಲ. ಶುಕ್ರವಾರ ಇದೆ. ನನ್ನ ಗಂಡ ತೀರಿಕೊಂಡ ಮೇಲೆ ದೇವರಿಗೂ ನನಗೂ ಮಾತಿಲ್ಲ. ಆದರೂ ಶುಕ್ರವಾರ ಹೊತ್ತು ಮುಳುಗುವಾಗ ಎರಡು ಮೇಣದಬತ್ತಿ ಹಚ್ಚುತ್ತೇನೆ. ನನಗೆ ಯಾರೂ ಹೇಳಲೇ ಇಲ್ಲ ಅಂತ ನಾಳೆ ಆ ದೇವರು ನೆಪ ಹೇಳಬಾರದು." ಯಾರೋ ನಕ್ಕು, ನಗಬಹುದೋ ಇಲ್ಲವೋ ತಿಳಿಯದೆ ನಿಲ್ಲಿಸಿದರು. "ಹೋದ ವರ್ಷ ನಮ್ಮ ಪಾಸೋವರ್ ಹಬ್ಬಕ್ಕೆ ಮೇಜಿನ ಮುಂದೆ ನಾನೊಬ್ಬಳೇ. ಆ ರಾತ್ರಿ ಮನೆಯಲ್ಲಿ ಎಲ್ಲರಿಗಿಂತ ಕಿರಿಯರು ಪ್ರಶ್ನೆ ಕೇಳಬೇಕು, ದೊಡ್ಡವರು ಉತ್ತರ ಹೇಳಬೇಕು. ಕಿರಿಯಳೂ ನಾನೇ, ದೊಡ್ಡವಳೂ ನಾನೇ. ಕೇಳಿದೆ, ಹೇಳಿದೆ. ಉತ್ತರ ಸಮಾಧಾನಕರವಾಗಿರಲಿಲ್ಲ. ಕೇಳಿದ್ದು ಮಾತ್ರ ಚೆನ್ನಾಗಿತ್ತು. ಕೊನೆಗೆ, ಮುಂದಿನ ವರ್ಷ ಜೆರುಸಲೇಮಿನಲ್ಲಿ ಅನ್ನಬೇಕು. ಮುಂದಿನ ವರ್ಷ ಕ್ಯೂ ಇಲ್ಲದ ಅಂಗಡಿಯಲ್ಲಿ ಅಂದೆ. ಅದೂ ಆಗಲಿಲ್ಲ. ಈ ವರ್ಷ ಮತ್ತೆ ಅಂದೆ. ಭರವಸೆ ಅಂದರೆ ನನಗೆ ಗೊತ್ತಿರೋದು ಇಷ್ಟೇ, ಕಳೆದ ಸಲ ಸುಳ್ಳಾದ ಮಾತನ್ನು ಮುಖ ಕೆಂಪಗಾಗದೆ ಮತ್ತೆ ಹೇಳೋದು."

ಚೌಕಗಳಲ್ಲಿ ಮುಖಗಳು ಗೊಂದಲದಲ್ಲಿದ್ದವು. ಇಷ್ಟಕ್ಕೇ ಅವರು ನಿಲ್ಲಿಸಿದ್ದರು. ಇಪ್ಪತ್ತು ನಿಮಿಷದಲ್ಲಿ ಬಹಳಷ್ಟು ಉಳಿದಿತ್ತು. ಬಳಗದ ಖಜಾಂಚಿಯ ಹೆಂಡತಿ ಕೈ ಎತ್ತಿ, ಮೇಡಂ, ದಿನವೂ ಮನಸ್ಸು ಕುಗ್ಗದಂತೆ ಇರಲು ಒಂದು ಟಿಪ್ ಕೊಡಿ ಎಂದು ಕೇಳಿದರು. "ಆಲೂಗಡ್ಡೆ ಸಿಪ್ಪೆ ಸುಲಿಯಿರಿ" ಎಂದರು ಮಿಸೆಸ್ ಕ್ಯಾಪ್ಲನ್. "ಸುಲಿಯುವಾಗ ದೇವರ ಬಗ್ಗೆ ಯೋಚಿಸಬೇಡಿ, ಬೆರಳು ಕುಯ್ಯುತ್ತೆ."

ಇಂಥ ಮಾತಿಗೆ ಬರೆದಿಟ್ಟ ವಾಕ್ಯಗಳನ್ನು ಜೋಡಿಸುವುದು ಹೇಗೆ ಎಂದು ಚನ್ನಬಸಪ್ಪ ಹಾಳೆ ನೋಡುತ್ತಿದ್ದಾಗ ಮೇಜಿನ ಮೇಲಿದ್ದ ಫೋನು ಬೆಳಗಿತು. ಭಾವ: 'ಬಸಲಿಂಗಿ ಹೋದ್ಲು ಚನ್ನಬಸು.' ಅದೇ ಹೊತ್ತಿಗೆ ತಿಮ್ಮಯ್ಯ, "ಈಗ ನಮ್ಮ ಲಿಮೆರಿಕ್ಕಿನ ಚನ್ನಬಸಪ್ಪನವರಿಂದ ವಂದನಾರ್ಪಣೆ" ಎಂದರು. ಅವನ ಚೌಕದ ಸುತ್ತ ಹಳದಿ ಗೆರೆ ಮೂಡಿತು. ಆಮೇಲೆ ಎಷ್ಟೋ ಸಲ ಅವನು ಆ ಗಳಿಗೆಯನ್ನು ನಿಲ್ಲಿಸಿ ನೋಡಲು ಯತ್ನಿಸಿದ. ಕ್ಷಮಿಸಿ ಎಂದು ಲ್ಯಾಪ್‌ಟಾಪು ಮುಚ್ಚಬಹುದಿತ್ತು. ನೆಟ್‌ವರ್ಕ್ ಹೋಯಿತೆಂದು ಎಲ್ಲರೂ ಅಂದುಕೊಳ್ಳುತ್ತಿದ್ದರು. ಅವನು ಬಾಯಿ ತೆರೆದ, ಒಳಗಿಂದ ಎಲ್ಲರಿಗೂ ನಮಸ್ಕಾರ ಎಂಬ ಶಬ್ದ ಸಲೀಸಾಗಿ ಹೊರಬಂತು, ಅದರ ಬಾಲ ಹಿಡಿದು ಉಳಿದದ್ದೂ ಬಂತು. ಅತಿಥಿಗಳಿಗೆ, ಅಧ್ಯಕ್ಷರಿಗೆ, ತಾಂತ್ರಿಕ ನೆರವು ನೀಡಿದವರಿಗೆ ಕ್ರಮವಾಗಿ ವಂದಿಸಿದ. ಒಬ್ಬರ ಹೆಸರೂ ಬಿಡಲಿಲ್ಲ. 'ಭರವಸೆ' ಎಂಬಲ್ಲಿ ಗಂಟಲು ತಾನಾಗಿ ಒಡೆಯಿತು, ಮತ್ತು ಒಡೆದದ್ದು ಚೆನ್ನಾಗಿ ಕೇಳಿಸಿತು ಎಂಬುದು ಅವನಿಗೆ ಆಗಲೇ ಗೊತ್ತಾಯಿತು. ಪರದೆಯ ಮೇಲೆ ಹೃದಯಗಳು ಗುಳ್ಳೆಗಳಂತೆ ಏರಿದವು.

ಶಕುಂತಲಾ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದಳು. ಅವನು ಹೇಳಿದ. ಅವಳು ಒಂದು ಶೂ ಕೈಯಲ್ಲಿ ಹಿಡಿದೇ ಕೂತುಬಿಟ್ಟಳು. ಅವಳು ಬಸುರಿಯಾಗಿದ್ದಾಗ ಅಂಟಿನುಂಡೆ ಕಟ್ಟಿ ಡಬ್ಬಿಗಟ್ಟಲೆ ಕಳಿಸಿದ್ದು ಅದೇ ಅಕ್ಕ. ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಯಾವಾಗ ಗೊತ್ತಾಯ್ತು?" ಎಂದಳು.

"ಕಾರ್ಯಕ್ರಮ ನಡೀತಿತ್ತು. ಕೊನೇಲಿ."

"ಮತ್ತೆ ನಿಮ್ದು ವಂದನಾರ್ಪಣೆ ಇತ್ತಲ್ಲ?"

ಅವನು ಅಂಗಿಯ ಕಾಲರಿನ ಗುಂಡಿ ಬಿಚ್ಚತೊಡಗಿದ.

"ಮಾಡಿದ್ರಾ?" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇವನು ಯಾರು ಎಂಬಂತೆ ನೋಡಿದಳು, ಆಮೇಲೆ ಎರಡನೆಯ ಶೂ ಬಿಚ್ಚಿದಳು.

ಭಾವ ವಿಡಿಯೋ ಕರೆ ಮಾಡಿ ಮಣ್ಣು ಮಾಡುವುದನ್ನು ತೋರಿಸಿದ. ಬಿಳಿ ಪ್ಲಾಸ್ಟಿಕ್ಕಿನ ಉಡುಪಿನ ಜನ, ಉದ್ದನೆಯ ಗುಂಡಿ, ಜಿಪ್ಪಿನ ಚೀಲ. ಲಿಂಗವಂತರನ್ನು ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಕೊಡಬೇಕು. "ಕುಂದರಸಾಕ ಬಿಡ್ಲಿಲ್ಲ ಚನ್ನಬಸು" ಎಂದು ಭಾವ ಅಳುತ್ತಿದ್ದ. "ಎಷ್ಟು ಹೇಳಿದ್ರೂ ಕೇಳ್ಲಿಲ್ಲ, ಹಂಗ ಮಲಗಿಸಿಬಿಟ್ರು. ಲಿಂಗ ನನ್ನ ಕೈಯಾಗ ಉಳೀತು." ಚನ್ನಬಸಪ್ಪ ತಲೆಯಾಡಿಸಿದ. ಎಲ್ಲ ಒಂದೇ ಭಾವ, ಆತ್ಮಕ್ಕೆ ಕೂರೋದೇನು ಮಲಗೋದೇನು ಎಂದ. ಹೇಳಿದ ಮೇಲೆ ಆ ಮಾತನ್ನು ಹೋದ ತಿಂಗಳು ಝೂಮಿನಲ್ಲಿ ಕೇಳಿದ ಸ್ವಾಮಿಗಳ ಧ್ವನಿಯಲ್ಲೇ ಹೇಳಿದೆನೆಂಬುದು ತಿಳಿಯಿತು.

ಸಂತಾಪ ಹರಿದು ಬಂತು. ದೀಪದ ಚಿತ್ರ, ಕಮಲದ ಚಿತ್ರ, ಬಿಳಿ ಪಾರಿವಾಳ. ನಿಮ್ಮ ಸೋದರಿಯವರ ಆತ್ಮಕ್ಕೆ, ಅಗಲಿದ ದಿವ್ಯಾತ್ಮಕ್ಕೆ. ಅಷ್ಟರಲ್ಲಿ ತಿಮ್ಮಯ್ಯ ಬಳಗದ ಗುಂಪಿನಲ್ಲಿ ಉದ್ದವಾಗಿ ಬರೆದರು: ಸ್ವಂತ ಅಕ್ಕನ ನಿಧನದ ಸುದ್ದಿ ಕೈಯಲ್ಲಿದ್ದರೂ ಎದೆಗುಂದದೆ ವಂದನಾರ್ಪಣೆ ನೆರವೇರಿಸಿದ ನಮ್ಮ ಚನ್ನಬಸಪ್ಪನವರಿಗಿಂತ ಸ್ಥೈರ್ಯಕ್ಕೆ ಬೇರೆ ಉದಾಹರಣೆ ಬೇಕೇ? ಸುದ್ದಿ ಯಾವಾಗ ಬಂತು ಎಂದು ತಿಮ್ಮಯ್ಯ ಫೋನಿನಲ್ಲಿ ಕೇಳಿದ್ದರು, ಇವನು ಹೇಳಿದ್ದ. ಯಾಕೆ ಹೇಳಿದೆ? ಕೆಳಗೆ ಸಾಲುಸಾಲು ಚಪ್ಪಾಳೆ. ಅವನು ಒಂದೊಂದನ್ನೂ ಓದಿದ. ಎಲ್ಲೋ ನಡುವೆ ತಾನು ನಿಜವಾಗಿಯೂ ಎದೆಗುಂದದವನು ಎಂಬ ಬೆಚ್ಚನೆಯ ಭಾವ ಏರತೊಡಗಿತು. ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟ, ಮತ್ತೆ ತಿರುಗಿಸಿ ಮೊದಲಿನಿಂದ ಓದಿದ.

ಮಾರನೆಯ ದಿನ ತಿಮ್ಮಯ್ಯ ಮತ್ತೆ ಫೋನು ಮಾಡಿದರು. "ಸಾರ್, ಮುಂದಿನ ಭಾನುವಾರ ನಿಮ್ದೇ ಮಾತು. 'ನನ್ನ ಅಕ್ಕ ಕಲಿಸಿದ ಸ್ಥೈರ್ಯ' ಅಂತ. ಮೊನ್ನೆ ಆ ಅಜ್ಜಿ ಸ್ವಲ್ಪ ನೆಗೆಟಿವ್ ಆಗ್ಬಿಟ್ರು, ಜನಕ್ಕೆ ಏನೂ ಸಿಗ್ಲಿಲ್ಲ."

"ಈಗ ಬೇಡ ಸಾರ್. ಅಕ್ಕ ಸತ್ತಿದ್ದಾಳೆ."

"ಅದಕ್ಕೇ ಅಲ್ವಾ ಸಾರ್ ಕೇಳ್ತಿರೋದು."

ಅವನು ಆಯ್ತು ಎಂದ. ಆಫೀಸಿಗೆ ರಜೆ ಹಾಕಿದ್ದ. ಖಾಲಿ ದಿನವನ್ನು ಏನು ಮಾಡುವುದೆಂದು ತಿಳಿಯದೆ ಲ್ಯಾಪ್‌ಟಾಪ್ ತೆರೆದು ಕೂತ. 'ನನ್ನ ಅಕ್ಕ ಧೈರ್ಯದ ಪ್ರತಿಮೂರ್ತಿಯಾಗಿದ್ದರು' ಎಂದು ಬರೆದ. ಅವಳಿಗೆ ಎಂದೂ ಬಹುವಚನ ಹಾಕಿರಲಿಲ್ಲ. 'ಕಷ್ಟಗಳಿಗೆ ನಗುತ್ತಲೇ ಎದುರಾದರು' ಎಂದು ಬರೆದ. ಅವಳು ನಕ್ಕದ್ದು ನೆನಪಿಗೆ ಬರಲಿಲ್ಲ. ಕೈ, ಹಲ್ಲಿನ ಮೇಲಿನ ಅಡಿಕೆಯ ಕೆಂಪು, ಹಪ್ಪಳದ ಹಿಟ್ಟು ಕುಟ್ಟುವಾಗ ಹೂಂ ಹೂಂ ಎನ್ನುತ್ತಿದ್ದದ್ದು, ಇವು ಬಂದವು, ಅದರಲ್ಲಿ ಸ್ಥೈರ್ಯ ಎಲ್ಲಿದೆ ಎಂದು ಅವನು ಹುಡುಕಿದ. ಹುಡುಕುತ್ತಿದ್ದಾಗ ಹೊರಗೆ ಏನೋ ನೆಲಕ್ಕೆ ಉಜ್ಜಿಕೊಂಡು ಬರುವ ಸದ್ದಾಯಿತು.

ಮಿಸೆಸ್ ಕ್ಯಾಪ್ಲನ್ ತಮ್ಮ ತೋಟದ ಕುರ್ಚಿಯನ್ನು ಎಳೆದುಕೊಂಡು ಇವನ ಮನೆಯ ಮುಂದಿನ ಅಂಗಳಕ್ಕೆ ಬರುತ್ತಿದ್ದರು. ಇನ್ನೊಂದು ಕೈಯಲ್ಲಿ ಮುಚ್ಚಿದ ಪಾತ್ರೆ. ಬಾಗಿಲು ತೆರೆದ ಶಕುಂತಲಾಳ ಕೈಗೆ ಪಾತ್ರೆ ಕೊಟ್ಟರು. ಅವಳು ಮುಚ್ಚಳ ತೆರೆದು, "ಮಸೂರ ಬೇಳೆ ಕಟ್ಟು ಥರ ಐತೆ" ಎಂದು ಗಂಡನಿಗೆ ಹೇಳಿದಳು. ಸಾವಿನ ಮನೆಗೆ ಅವರ ಕಡೆ ದುಂಡಗಿರುವುದನ್ನು ತರುತ್ತಾರಂತೆ. ಮೊಟ್ಟೆ ತರಬೇಕೆಂದಿದ್ದರು, ನಾವು ತಿನ್ನೋದಿಲ್ಲವೆಂದು ನಿಸರ್ಗಾ ಗೋಡೆಯ ಮೇಲಿಂದ ಹೇಳಿದ್ದಳಂತೆ. ಮುದುಕಿ ಕುರ್ಚಿ ಹಾಕಿ, ಕೋಟಿನ ಗುಂಡಿ ಹಾಕಿಕೊಂಡು, ಕೂತರು. ಚನ್ನಬಸಪ್ಪ ಹೊರಗೆ ಬಂದು, ನಿಂತು ಮಾತಾಡಿಸುವುದು ಮರ್ಯಾದೆಯಲ್ಲವೆಂದು ಬಾಗಿಲ ಮೆಟ್ಟಿಲ ಮೇಲೆ ಕೂತ. ಅವರು ಮಾತಾಡಲಿಲ್ಲ. ಅವನು ಕಾದ. ರಸ್ತೆಯಲ್ಲಿ ಒಂದು ಕಾರು ಹೋಯಿತು. ಅವರು ಕಾರು ನೋಡಿದರು, ಅವನನ್ನು ನೋಡಿದರು. ಏನಾದರೂ ಹೇಳಬಾರದೇ? ಮಾತು ಬಲ್ಲ ಹೆಂಗಸು, ಇಡೀ ಬಳಗಕ್ಕೆ ಹೇಳಿದವರು. ಅವನ ಹಿಂದೆ ಬಾಗಿಲ ಸಂದಿನಲ್ಲಿ ನಿಸರ್ಗಾ ಪಿಸುಗುಟ್ಟಿದಳು. "ಯೂ ಹ್ಯಾವ್ ಟು ಟಾಕ್ ಫಸ್ಟ್, ಅಪ್ಪಾ. ಅಲ್ಲಿವರೆಗೂ ಶೀ ಕಾಂಟ್. ಯಾರಾದ್ರೂ ಸತ್ರೆ ಇಟ್ಸ್ ದೇರ್ ರೂಲ್, ಲೈಕ್."

ಅವನು ಗಂಟಲು ಸರಿಮಾಡಿಕೊಂಡು, ಎಲ್ಲ ದೇವರ ಇಚ್ಛೆ ಎಂದ. ಅವಳು ಈಗ ನೋವಿಲ್ಲದ ಕಡೆ ಇದ್ದಾಳೆ ಎಂದ. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ತಪ್ಪು ಉತ್ತರ ಬರೆದ ಹುಡುಗಿ ಮತ್ತೊಮ್ಮೆ ಲೆಕ್ಕ ಮಾಡಲೆಂದು ಬಿಟ್ಟ ಹಾಗೆ ಕಾಯುತ್ತಿದ್ದರು. ಅವನಿಗೆ ರೇಗಿತು. ಝೂಮಿಗೆಂದು ಬರೆದಿಟ್ಟ ವಾಕ್ಯಗಳನ್ನೆಲ್ಲ ಒಂದೊಂದಾಗಿ ಹೇಳಿದ. ಧೈರ್ಯದ ಪ್ರತಿಮೂರ್ತಿ ಎಂದ, ನಗುತ್ತಲೇ ಎದುರಾದಳು ಎಂದ. ಎದುರಿಗೆ ಚಪ್ಪಾಳೆಯಿಲ್ಲ, ಹೃದಯಗಳಿಲ್ಲ, ಕೋಟು ಹಾಕಿಕೊಂಡ ಒಬ್ಬ ಮುದುಕಿ. ಆ ವಾಕ್ಯಗಳು ಅಂಗಳದ ಸಿಮೆಂಟಿನ ಮೇಲೆ ಬಿದ್ದು, ಎತ್ತಿಕೊಳ್ಳುವವರಿಲ್ಲದೆ ಬಿದ್ದೇ ಇದ್ದವು.

"ಅವಳಿಗೆ ಸಾಯೋಕೆ ಮನಸ್ಸಿರಲಿಲ್ಲ" ಎಂದ ಆಮೇಲೆ. ಅದು ಇಂಗ್ಲಿಷಿನಲ್ಲಿ ಬಹಳ ಸಣ್ಣ ವಾಕ್ಯವಾಗಿತ್ತು. "ಹಾಗಂತ ನನಗೆ ಹೇಳಿದಳು. ಯಾರಿಗಾದರೂ ಹೇಳು ಅಂದಳು. ನಾನು ಪಾಸಿಟಿವ್ ಆಗಿರು ಅಂತ ಬರೆದೆ. ಒಂದು ಹೂವು ಹಾಕಿದೆ."

ತುಂತುರು ಸುರುವಾಗಿತ್ತು. ಶಕುಂತಲಾ ಛತ್ರಿ ತಂದು ಮುದುಕಿಯ ಮೇಲೆ ಹಿಡಿದು ನಿಂತಳು. ಅವನು ಹೇಳಿದ್ದು ಅವಳಿಗೂ ಕೇಳಿಸಿತ್ತು.

"ಸರಿಯಾಗೇ ಹೇಳಿದ್ದಾಳೆ" ಎಂದರು ಮಿಸೆಸ್ ಕ್ಯಾಪ್ಲನ್. "ಸಾಯೋಕೆ ಯಾಕೆ ಮನಸ್ಸಿರಬೇಕು?" ನೀನು ಬರೆದದ್ದು ಪರವಾಗಿಲ್ಲ ಎಂದು ಅವರು ಹೇಳುತ್ತಾರೇನೋ ಎಂದು ಅವನು ಕಾದ. ಹೇಳಲಿಲ್ಲ. "ಹೆಸರೇನು?" ಎಂದು ಕೇಳಿದರು.

ಎರಡು ದಿನಗಳಿಂದ ಬಂದ ಅಷ್ಟೂ ಸಂತಾಪಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. "ಬಸಲಿಂಗಮ್ಮ" ಎಂದ. ಹೇಳಿದ ಮೇಲೆ, ತಾನೂ ಇಷ್ಟು ಹೊತ್ತು ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲವೆಂದು ತಿಳಿಯಿತು.

"ಬ್ಯಾಸಲ್..."

"ಬಸ. ಬಸಲಿಂಗಮ್ಮ."

"ಬಾಸ್‌ಲಿಂಗಾಮಾ." ಅವರೇ ತಲೆಯಾಡಿಸಿದರು, ಸರಿಯಿಲ್ಲ. ಮತ್ತೆ ಹೇಳಿದರು, ಇನ್ನೂ ಕೆಟ್ಟಿತು. ನಾಲಿಗೆ ಮಡಚಿದರು, ಬಿಡಿಸಿದರು. ಶಕುಂತಲಾ ಛತ್ರಿ ಹಿಡಿದುಕೊಂಡೇ ತಿದ್ದಿದಳು, ಬಾಗಿಲಿನಿಂದ ನಿಸರ್ಗಾ ತನ್ನ ಐರಿಷ್ ನಾಲಿಗೆಯಲ್ಲಿ ತಿದ್ದಲು ಹೋಗಿ ತಾನೇ ತಪ್ಪಿದಳು. ಅಕ್ಕ ಇದನ್ನು ಕೇಳಿದ್ದರೆ ಮುದುಕಿಗೆ ಏನೆಂದು ಬೈಯುತ್ತಿದ್ದಳು ಎಂದು ಚನ್ನಬಸಪ್ಪ ಹೇಳಿದ. ಅದನ್ನು ಇಂಗ್ಲಿಷಿಗೆ ತರುವುದು ಕಷ್ಟವಾಯಿತು, ತಂದಾಗ ಮಿಸೆಸ್ ಕ್ಯಾಪ್ಲನ್ ಬೈಗುಳದ ಅರ್ಥವನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಹೊರಟರು. ಈ ಸಲ ಅವನು ಎದ್ದು ಕುರ್ಚಿ ಹಿಡಿದುಕೊಂಡ. "ನಾಳೆ ಬರ್ತೀನಿ" ಎಂದರು.

ಭಾನುವಾರ ತನ್ನಿಂದ ಆಗುವುದಿಲ್ಲವೆಂದು ಅವನು ತಿಮ್ಮಯ್ಯನವರಿಗೆ ಬರೆದ. ಯಾಕೆಂದು ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಪ್ರಕಟಣೆ ಬಂತು: ಅನಿವಾರ್ಯ ಕಾರಣಗಳಿಂದ 'ನನ್ನ ಅಕ್ಕ ಕಲಿಸಿದ ಸ್ಥೈರ್ಯ' ಮುಂದೂಡಲಾಗಿದೆ, ಬದಲಿಗೆ ನಗೆ ಯೋಗ. ಅದಕ್ಕೂ ಅಷ್ಟೇ ಚಪ್ಪಾಳೆಗಳು ಬಿದ್ದವು.

ಮರುದಿನ ಅವನು ಅಡುಗೆಮನೆಯಲ್ಲಿ ಬೇಳೆಯ ಕಟ್ಟಿಗೆ ಉಪ್ಪು ಹಾಕುತ್ತಿದ್ದ. ಮುದುಕಿ ಒಂದು ಹರಳೂ ಹಾಕಿರಲಿಲ್ಲ. ಹೊರಗೆ ಗೇಟಿನ ಹತ್ತಿರದಿಂದ ಯಾರೋ ಗಟ್ಟಿಯಾಗಿ, ತರಗತಿಯ ಕೊನೆಯ ಬೆಂಚಿಗೆ ಮುಟ್ಟುವಂತೆ ಕೂಗಿದರು.

"ಬಸಲಿಂಗಮ್ಮ!"

ರಾತ್ರಿಯೆಲ್ಲ ರೂಢಿ ಮಾಡಿಕೊಂಡಿರಬೇಕು, ಅಕ್ಷರ ಅಕ್ಷರವೂ ಸರಿಯಾಗಿತ್ತು. ನೀರಿನ ಸರತಿಗೆ ಕರೆಯಲು ಬಂದ ಓಣಿಯ ಹೆಂಗಸು ಬಾಗಿಲಲ್ಲಿ ನಿಂತು ಕೂಗಿದ ಹಾಗೇ ಇತ್ತು. ಎದುರು ಮನೆಯವರು ಕಿಟಕಿಯ ಪರದೆ ಸರಿಸಿದರು. ಯಾರಾದರೂ ಓ ಅನ್ನಬೇಕಿತ್ತು. ಚನ್ನಬಸಪ್ಪ ಸೌಟು ಹಿಡಿದುಕೊಂಡು ಬಾಗಿಲವರೆಗೆ ಓಡಿದ, ಬಾಯಿ ತೆರೆದ, ಅವನಿಂದ ಶಬ್ದ ಹೊರಡಲಿಲ್ಲ; ಮೆಟ್ಟಿಲ ಮೇಲೆ ಕೂತ. ಮುದುಕಿ ಕುರ್ಚಿ ಎಳೆದುಕೊಂಡು ನಿಧಾನವಾಗಿ ಅಂಗಳದೊಳಗೆ ಬರುತ್ತಿದ್ದರು.